ಕಡತ ಕೆಟ್ಟಿರಲಿಲ್ಲ: ಹಳೆಯ ಪ್ರೋಗ್ರಾಂಗಳು ಮತ್ತು ಪ್ರೊಸೆಸರ್ ಮೋಡ್‌ಗಳ ಜಗಳ

ಡಾಸ್ ಕಾಲದ ಒಂದು ದೋಷ ಸಂದೇಶದಿಂದ ಶುರು ಮಾಡುತ್ತೇನೆ. 1991ರಲ್ಲಿ ಮೈಕ್ರೋಸಾಫ್ಟ್‌ನ ಹಳೆಯ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್‌ನ 5ನೇ ಆವೃತ್ತಿ ಬಂತು. ಅದನ್ನು ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ, ಹಿಂದಿನ ದಿನದವರೆಗೆ ಸರಾಗವಾಗಿ ನಡೆಯುತ್ತಿದ್ದ ಪ್ರೋಗ್ರಾಂ ಇದ್ದಕ್ಕಿದ್ದಂತೆ ‘ಅಡಕಗೊಳಿಸಿದ ಕಡತ ಕೆಟ್ಟಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿ ನಿಂತುಬಿಡುತ್ತಿತ್ತು. ಮೂಲ ಫ್ಲಾಪಿಯಿಂದ ಮತ್ತೆ ನಕಲು ಮಾಡಿಕೊಂಡರೂ ಅದೇ ಮಾತು. ಅದೇ ಫ್ಲಾಪಿಯನ್ನು ಹಳೆಯ ಡಾಸ್ ಇರುವ ಯಂತ್ರಕ್ಕೆ ಹಾಕಿದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು.

ಕಡತ ಕೆಟ್ಟಿರಲಿಲ್ಲ. ಮೆಮೊರಿ ಸಾಲದೆ ಬಂದ ತೊಂದರೆಯೂ ಅಲ್ಲ. ಹೊಸ ಡಾಸ್ ಹಿಂದಿಗಿಂತ ಹೆಚ್ಚು ಮೆಮೊರಿಯನ್ನು ಖಾಲಿ ಬಿಟ್ಟುಕೊಟ್ಟದ್ದೇ ತೊಂದರೆ. ಇದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಮದ್ದು ‘ಲೋಡ್‌ಫಿಕ್ಸ್’ ಎಂಬ ಆಜ್ಞೆ. ಅದು ಮಾಡುತ್ತಿದ್ದ ಕೆಲಸ ಇಷ್ಟೇ: ಮೆಮೊರಿಯ ಮೊದಲ 64 ಕಿಲೋಬೈಟ್ ಜಾಗವನ್ನು ಬೇಕೆಂದೇ ತುಂಬಿಸಿ, ಪ್ರೋಗ್ರಾಮನ್ನು ಅದಕ್ಕಿಂತ ಮೇಲಕ್ಕೆ ತಳ್ಳುವುದು. ಜಾಗ ಹೆಚ್ಚಾದದ್ದಕ್ಕೆ ಸಾಯುವ, ಜಾಗ ಕಿತ್ತುಕೊಂಡರೆ ಬದುಕುವ ಪ್ರೋಗ್ರಾಂ.

ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲಿ ನಡೆಯದೆ ಹೋದರೆ ‘ಹಳತಾಯಿತು’ ಎಂದು ಕೈತೊಳೆದುಕೊಳ್ಳುವುದು ನಮಗೆ ರೂಢಿ. ತಂತ್ರಾಂಶಕ್ಕೆ ತುಕ್ಕು ಹಿಡಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಅದರ ಬೈಟ್‌ಗಳು ಬರೆದ ದಿನ ಹೇಗಿದ್ದವೋ ಹಾಗೇ ಇರುತ್ತವೆ. ಬದಲಾಗುವುದು ಅವುಗಳನ್ನು ಓದುವ ಕ್ರಮ. ಆ ಕ್ರಮಕ್ಕೇ ಪ್ರೊಸೆಸರ್ ಮೋಡ್ ಎಂದು ಹೆಸರು.

ಐದು ಬೈಟ್, ಎರಡು ಅರ್ಥ

ಪ್ರೊಸೆಸರ್ ಪಾಲಿಗೆ ಪ್ರೋಗ್ರಾಂ ಎಂದರೆ ಸಂಖ್ಯೆಗಳ ಉದ್ದನೆಯ ಸಾಲು. ನಡುವೆ ತೆರಪಿಲ್ಲ, ಅಲ್ಪವಿರಾಮವಿಲ್ಲ. ಒಂದು ಆಜ್ಞೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅದೇ ಬಿಡಿಸಿಕೊಳ್ಳಬೇಕು. ಹಳಗನ್ನಡ ಪದ್ಯಗಳ ಜೊತೆ ಗುದ್ದಾಡಿದವರಿಗೆ ಈ ಕಷ್ಟ ಗೊತ್ತು. ‘ಇವನರಿಯ’ ಎಂಬುದನ್ನು ‘ಇವನು ಅರಿಯ’ ಎಂದು ಬಿಡಿಸಿದರೆ ಏನೂ ತಿಳಿಯದವನೊಬ್ಬ ಸಿಗುತ್ತಾನೆ. ‘ಇವ ನರಿಯ’ ಎಂದು ಬಿಡಿಸಿದರೆ ಸಾಲಿನೊಳಗೆ ನರಿಯೊಂದು ನುಗ್ಗುತ್ತದೆ. ಅಕ್ಷರಗಳು ಅವೇ. ಮೋಡ್ ಎಂದರೆ ಪ್ರೊಸೆಸರ್‌ಗೆ ಹೇಳಿಕೊಟ್ಟ ಪದಚ್ಛೇದದ ಕ್ರಮ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಈ ಐದು ಬೈಟ್‌ಗಳನ್ನು ತೆಗೆದುಕೊಳ್ಳಿ: 184, 1, 0, 64, 144. ಇಂಟೆಲ್ ವಂಶದ ಪ್ರೊಸೆಸರ್ 16 ಬಿಟ್ (ಎರಡು ಬೈಟ್) ಕ್ರಮದಲ್ಲಿದ್ದಾಗ 184 ಎಂದರೆ ‘ಮುಂದಿನ ಎರಡು ಬೈಟ್‌ಗಳಲ್ಲಿರುವ ಸಂಖ್ಯೆಯನ್ನು ಎಎಕ್ಸ್ ರಿಜಿಸ್ಟರಿಗೆ ತುಂಬು’ ಎಂದರ್ಥ. ರಿಜಿಸ್ಟರ್ ಎಂದರೆ ಲೆಕ್ಕ ಮಾಡುವಾಗ ಸಂಖ್ಯೆ ಇಟ್ಟುಕೊಳ್ಳಲು ಪ್ರೊಸೆಸರಿನೊಳಗಿರುವ ಪುಟ್ಟ ಗೂಡು. ಆ ಎರಡು ಬೈಟ್‌ಗಳು 1 ಮತ್ತು 0. ಸೇರಿಸಿ ಓದಿದರೆ 1. ಆಮೇಲಿನ 64 ‘ಎಎಕ್ಸ್‌ಗೆ ಒಂದು ಕೂಡಿಸು’ ಎನ್ನುತ್ತದೆ. 144 ‘ಏನೂ ಮಾಡಬೇಡ’ ಎನ್ನುತ್ತದೆ. ಮೂರು ಆಜ್ಞೆ ಮುಗಿದಾಗ ಎಎಕ್ಸ್‌ನಲ್ಲಿ 2 ಇರುತ್ತದೆ.

ಅದೇ ಪ್ರೊಸೆಸರ್ 32 ಬಿಟ್ ಕ್ರಮದಲ್ಲಿದ್ದರೆ 184 ಎರಡರ ಬದಲು ನಾಲ್ಕು ಬೈಟ್‌ಗಳನ್ನು ನುಂಗುತ್ತದೆ. ಕೂಡಿಸುವ ಆಜ್ಞೆಯೂ ಸುಮ್ಮನಿರುವ ಆಜ್ಞೆಯೂ ಆಜ್ಞೆಗಳಾಗಿ ಉಳಿಯದೆ ಸಂಖ್ಯೆಯ ಅಂಗಗಳಾಗಿಬಿಡುತ್ತವೆ. ಐದೂ ಬೈಟ್ ಸೇರಿ ಒಂದೇ ಆಜ್ಞೆ. ರಿಜಿಸ್ಟರಿನಲ್ಲಿ ಬಂದು ಕೂರುವುದು 242,01,13,409. ಯಾರೂ ತಪ್ಪು ಮಾಡಿಲ್ಲ, ಎಲ್ಲೂ ದೋಷ ಸಂದೇಶವಿಲ್ಲ, ಲೆಕ್ಕ ಮಾತ್ರ 2ರ ಬದಲು 242 ಕೋಟಿ. ಇನ್ನು 64 ಬಿಟ್ ಕ್ರಮದಲ್ಲಿ, 64ರಿಂದ 79ರವರೆಗಿನ ಬೈಟ್‌ಗಳು ಸ್ವತಂತ್ರ ಆಜ್ಞೆಗಳೇ ಅಲ್ಲ. ಮುಂದೆ ಬರುವ ಆಜ್ಞೆಗೆ ಅಂಟಿಕೊಳ್ಳುವ ಉಪಸರ್ಗಗಳು. ಹೊಸ ರಿಜಿಸ್ಟರುಗಳನ್ನು ಕರೆಯಲು ಜಾಗ ಬೇಕಿತ್ತು, ಹಳೆಯ ಆಜ್ಞೆಗಳ ಮನೆ ಖಾಲಿ ಮಾಡಿಸಿದರು.

ಆಜ್ಞೆ ಬಿಡಿಸುವ ಈ ತೊಡಕು ನೋಡಲು ಭಯಂಕರ, ಸಂಭಾಳಿಸಲು ಸುಲಭ. ಕಡತ ಎಷ್ಟು ಬಿಟ್‌ನದು ಎಂಬುದು ಸಾಮಾನ್ಯವಾಗಿ ಅದರ ಆರಂಭದ ಭಾಗದಲ್ಲೇ ನಮೂದಾಗಿರುತ್ತದೆ. ಆಪರೇಟಿಂಗ್ ಸಿಸ್ಟಂ ಅದನ್ನು ನೋಡಿ ಸರಿಯಾದ ಕ್ರಮಕ್ಕೆ ಹಚ್ಚಬಹುದು. ನಿಜವಾದ ತಲೆನೋವು ವಿಳಾಸಗಳದ್ದು ಮತ್ತು ಅಧಿಕಾರದ್ದು.

ಸುತ್ತಿಕೊಂಡು ಬರುವ ವಿಳಾಸ

1978ರಲ್ಲಿ ಇಂಟೆಲ್ ತಂದ 8086ರ ರಿಜಿಸ್ಟರುಗಳು 16 ಬಿಟ್‌ನವು. ಒಂದು ರಿಜಿಸ್ಟರಿನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535. ವಿಳಾಸದ ತಂತಿಗಳು ಮಾತ್ರ 20 ಇದ್ದವು. ಅಂದರೆ 10,48,576 ಬೈಟ್, ಒಂದು ಮೆಗಾಬೈಟ್ ತಲುಪಬಹುದಿತ್ತು. ಚಿಕ್ಕ ರಿಜಿಸ್ಟರಿನಿಂದ ದೊಡ್ಡ ಮೆಮೊರಿ ಮುಟ್ಟಲು ಅವರು ಮಾಡಿದ ಉಪಾಯ ಹೀಗಿತ್ತು: ವಿಳಾಸವನ್ನು ಎರಡು ಸಂಖ್ಯೆಗಳಾಗಿ ಬರೆಯುವುದು. ಮೊದಲನೆಯದು ಸೆಗ್ಮೆಂಟ್, ಎರಡನೆಯದು ಆಫ್‌ಸೆಟ್. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸಿದರೆ ನಿಜವಾದ ವಿಳಾಸ ಸಿಗುತ್ತದೆ.

ಈ ಗಣಿತದಲ್ಲಿ ಒಂದು ಕೊನೆ ಹೊರಗೆ ಇಣುಕುತ್ತದೆ. ಸೆಗ್ಮೆಂಟ್ 65,535 ಆದರೆ ಗುಣಲಬ್ಧ 10,48,560. ಅದಕ್ಕೆ 16 ಕೂಡಿಸಿದರೆ 10,48,576. ಒಂದು ಮೆಗಾಬೈಟಿನ ಗಡಿ ದಾಟಿತು. 21ನೇ ತಂತಿ ಇಲ್ಲದ 8086ರಲ್ಲಿ ಆ ಹೆಚ್ಚುವರಿ ಬಿಟ್ ಸದ್ದಿಲ್ಲದೆ ಬಿದ್ದುಹೋಗಿ ವಿಳಾಸ ಸೊನ್ನೆಗೆ ಬಂದು ನಿಲ್ಲುತ್ತಿತ್ತು, ಹಳೆಯ ಕಾರುಗಳ ಮೈಲಿ ಮೀಟರ್ 99,999 ಆದಮೇಲೆ ಸೊನ್ನೆಯಿಂದ ಶುರುವಾಗುವ ಹಾಗೆ. ಕೆಲವು ಪ್ರೋಗ್ರಾಂಗಳು ಇದನ್ನೇ ನೆಚ್ಚಿಕೊಂಡವು. ಕೆಲವು ತಿಳಿದೂ, ಕೆಲವು ತಿಳಿಯದೆಯೂ.

ಈಗ ಆ ‘ಕೆಟ್ಟ’ ಕಡತಕ್ಕೆ ಬರೋಣ. ಡಿಸ್ಕಿನಲ್ಲಿ ಜಾಗ ಉಳಿಸಲು ಪ್ರೋಗ್ರಾಂಗಳನ್ನು ಅಡಕಗೊಳಿಸುವ ‘ಎಕ್ಸ್‌ಪ್ಯಾಕ್’ ಎಂಬ ಸಾಧನ ಆಗ ಬಳಕೆಯಲ್ಲಿತ್ತು. ಅಡಕವಾದ ಪ್ರೋಗ್ರಾಂ ಮೆಮೊರಿಗೆ ಬಂದಮೇಲೆ ತನ್ನನ್ನು ತಾನೇ ಬಿಡಿಸಿಕೊಳ್ಳುತ್ತಿತ್ತು. ಹಾಗೆ ಬಿಡಿಸಿಕೊಳ್ಳುವಾಗ ತನಗೆ ಅನುಕೂಲವಾಗಲೆಂದು ವಿಳಾಸವನ್ನು ಬೇರೆ ರೀತಿಯಲ್ಲಿ ಬರೆದುಕೊಳ್ಳುತ್ತಿತ್ತು: ಸೆಗ್ಮೆಂಟಿನಿಂದ 4095 ಕಳೆದು, ಆಫ್‌ಸೆಟ್‌ಗೆ 65,520 ಸೇರಿಸುವುದು. 4095ರ 16ರಷ್ಟು ಸರಿಯಾಗಿ 65,520. ಆದ್ದರಿಂದ ಲೆಕ್ಕ ತಾಳೆಯಾಗುತ್ತದೆ.

ಪ್ರೋಗ್ರಾಂ ಮೆಮೊರಿಯ 32 ಕಿಲೋಬೈಟ್ ಎತ್ತರದಲ್ಲಿ ಕೂತಿದೆ ಎಂದುಕೊಳ್ಳಿ. ಅಲ್ಲಿ ಸೆಗ್ಮೆಂಟ್ 2048. ಅದರಿಂದ 4095 ಕಳೆದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. 16 ಬಿಟ್ ರಿಜಿಸ್ಟರಿನಲ್ಲಿ ಋಣ ಸಂಖ್ಯೆಗೆ ಜಾಗವಿಲ್ಲ, ಅದು ಸುತ್ತಿಕೊಂಡು 63,489 ಆಗುತ್ತದೆ. ಅದನ್ನು 16ರಿಂದ ಗುಣಿಸಿ 65,520 ಕೂಡಿಸಿ: 10,81,344. ಒಂದು ಮೆಗಾಬೈಟ್ ದಾಟಿತು. 8086 ಆ ಮೆಗಾಬೈಟನ್ನು ಕಳಚಿ 32,768 ಎಂದು ಓದುತ್ತಿತ್ತು. ಅದು ಸರಿಯಾಗಿ 32 ಕಿಲೋಬೈಟ್. ಎರಡು ಸಲ ಸುತ್ತಿಕೊಂಡು ಎರಡು ತಪ್ಪು ಸೇರಿ ಒಂದು ಸರಿ.

1982ರಲ್ಲಿ ಬಂದ 80286ಕ್ಕೆ 24 ವಿಳಾಸ ತಂತಿಗಳಿದ್ದವು. ಅದು 10,81,344 ಎಂದರೆ 10,81,344ಕ್ಕೇ ಹೋಗುತ್ತದೆ, ಏನನ್ನೂ ಕಳಚುವುದಿಲ್ಲ. 8086ರಂತೆಯೇ ನಡೆಯುತ್ತೇನೆ ಎಂದು ಮಾತು ಕೊಟ್ಟ ಅದರ ‘ರಿಯಲ್ ಮೋಡ್’ ಈ ಒಂದು ವಿಷಯದಲ್ಲಿ ಮಾತು ತಪ್ಪಿತು. 1984ರಲ್ಲಿ 286 ಇಟ್ಟು ಪಿಸಿ/ಎಟಿ ತಯಾರಿಸಿದ ಐಬಿಎಂಗೆ ಇದು ಗೊತ್ತಿತ್ತು. ವಿಳಾಸ ತಂತಿಗಳನ್ನು ಸೊನ್ನೆಯಿಂದ ಎಣಿಸುವುದರಿಂದ 21ನೆಯದರ ಹೆಸರು ಎ20. ಆ ಒಂದು ತಂತಿಗೆ ಬಾಗಿಲು ಹಾಕಿ, ಬೇಕಾದಾಗ ಮುಚ್ಚಿ ಸೊನ್ನೆಯಾಗಿಸುವ ವ್ಯವಸ್ಥೆ ಮಾಡಿದರು. ಬಾಗಿಲ ಅಗುಳಿ ಎಲ್ಲಿತ್ತು ಗೊತ್ತೇ? ಕೀಬೋರ್ಡ್ ನಿಯಂತ್ರಿಸುವ ಚಿಪ್‌ನಲ್ಲಿ. ಅಲ್ಲಿ ಒಂದು ಕಾಲು ಖಾಲಿ ಇತ್ತು, ಅಷ್ಟೇ ಕಾರಣ. ಮೆಮೊರಿಯ ವಿಳಾಸ ಸರಿಪಡಿಸಲು ಕೀಬೋರ್ಡ್ ಚಿಪ್‌ಗೆ ಅರ್ಜಿ ಹಾಕುವ ಈ ಏರ್ಪಾಡು ದಶಕಗಳ ಕಾಲ ಉಳಿದುಬಂತು.

ಡಾಸ್ 5 ಮಾಡಿದ್ದೇನೆಂದರೆ ಎ20 ಬಾಗಿಲನ್ನು ತೆರೆದು, ಮೆಗಾಬೈಟ್ ಗಡಿಯ ಆಚೆ ಇಣುಕುವ ಆ 65,520 ಬೈಟ್‌ಗಳಲ್ಲಿ ತನ್ನ ದೊಡ್ಡ ಭಾಗವನ್ನು ಇರಿಸಿಕೊಂಡದ್ದು. ಕೆಳಗೆ ಜಾಗ ಖಾಲಿಯಾಯಿತು. ಪ್ರೋಗ್ರಾಂಗಳು ಹಿಂದೆಂದೂ ಕೂರದಷ್ಟು ಕೆಳಗೆ, ಮೊದಲ 64 ಕಿಲೋಬೈಟ್ ಒಳಗೆ, ಬಂದು ಕೂತವು. ಕಳೆಯುವ ಲೆಕ್ಕ ಸೊನ್ನೆಗಿಂತ ಕೆಳಗಿಳಿಯಿತು, ವಿಳಾಸ ಮೆಗಾಬೈಟ್ ದಾಟಿತು, ಬಾಗಿಲು ತೆರೆದಿದ್ದರಿಂದ ಕಳಚುವವರಿರಲಿಲ್ಲ. ತನ್ನ ಅಡಕ ದತ್ತಾಂಶ ಸಿಗಬೇಕಾದಲ್ಲಿ ಪ್ರೋಗ್ರಾಂಗೆ ಡಾಸ್‌ನ ಕರುಳು ಕಂಡಿತು. ಅದು ಹೇಳಿದ್ದು ಒಂದೇ ಮಾತು: ಕಡತ ಕೆಟ್ಟಿದೆ.

ಹೋಗಬಹುದು, ಬರುವ ಹಾಗಿಲ್ಲ

286ರ ನಿಜವಾದ ಹೊಸತನ ರಿಯಲ್ ಮೋಡ್ ಅಲ್ಲ, ಪ್ರೊಟೆಕ್ಟೆಡ್ ಮೋಡ್. ಅದರಲ್ಲಿ 16 ಮೆಗಾಬೈಟ್‌ವರೆಗೆ ಮೆಮೊರಿ ಸಿಗುತ್ತಿತ್ತು, ಒಂದು ಪ್ರೋಗ್ರಾಂ ಇನ್ನೊಂದರ ಜಾಗಕ್ಕೆ ಕೈ ಹಾಕದಂತೆ ತಡೆಯಬಹುದಿತ್ತು. ಅದಕ್ಕೆ ತೆತ್ತ ಬೆಲೆ ಎಂದರೆ ಸೆಗ್ಮೆಂಟ್ ರಿಜಿಸ್ಟರಿನ ಅರ್ಥವೇ ಬದಲಾದದ್ದು. ಅಲ್ಲಿರುವ ಸಂಖ್ಯೆಯನ್ನು ಇನ್ನು 16ರಿಂದ ಗುಣಿಸುವ ಹಾಗಿಲ್ಲ. ಅದು ಒಂದು ಪಟ್ಟಿಯ ಕ್ರಮಸಂಖ್ಯೆ. ಆ ಜಾಗ ಎಲ್ಲಿ ಆರಂಭ, ಎಷ್ಟು ಉದ್ದ, ಯಾರು ಬರೆಯಬಹುದು ಎಂಬುದೆಲ್ಲ ಪಟ್ಟಿಯಲ್ಲಿರುತ್ತದೆ. ಮೊದಲು ಮನೆಯ ಅಳತೆಯಾಗಿದ್ದ ಸಂಖ್ಯೆ ಈಗ ಟೋಕನ್ ಸಂಖ್ಯೆ. ಅಳತೆಗೆ ಒಂದು ಕೂಡಿಸಿದರೆ ಪಕ್ಕದ ಜಾಗ ಸಿಗುತ್ತದೆ. ಟೋಕನ್ನಿಗೆ ಒಂದು ಕೂಡಿಸಿದರೆ ಬೇರೆ ಯಾರದೋ ಸರತಿ, ಅಥವಾ ಹೊರಗೆ ದಬ್ಬಿಸಿಕೊಳ್ಳುವುದು. ಸೆಗ್ಮೆಂಟಿನ ಮೇಲೆ ಕೂಡುವ ಕಳೆಯುವ ಲೆಕ್ಕ ಮಾಡುತ್ತಿದ್ದ ಪ್ರತಿಯೊಂದು ಹಳೆಯ ಪ್ರೋಗ್ರಾಂ ಪ್ರೊಟೆಕ್ಟೆಡ್ ಮೋಡಿನಲ್ಲಿ ಬಿದ್ದದ್ದು ಇದಕ್ಕೇ. 1990ರ ವಿಂಡೋಸ್ 3.0 ಮೂರು ಬಗೆಯಲ್ಲಿ ಶುರುವಾಗುತ್ತಿತ್ತು: ರಿಯಲ್, ಸ್ಟ್ಯಾಂಡರ್ಡ್, 386 ಎನ್‌ಹ್ಯಾನ್ಸ್ಡ್. ಹಿಂದಿನ ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂಗಳಿಗಾಗಿಯೇ ರಿಯಲ್ ಮೋಡ್ ಉಳಿಸಿದ್ದರು, 1992ರ 3.1ರಲ್ಲಿ ಅದನ್ನು ಕೈಬಿಟ್ಟರು.

286 ವಿನ್ಯಾಸಕಾರರು ಮಾಡಿದ ಇನ್ನೊಂದು ತೀರ್ಮಾನ ನನಗೆ ಇಂದಿಗೂ ಅರ್ಥವಾಗದಷ್ಟು ಆಶಾವಾದದ್ದು. ರಿಯಲ್ ಮೋಡಿನಿಂದ ಪ್ರೊಟೆಕ್ಟೆಡ್ ಮೋಡಿಗೆ ಹೋಗುವ ಆಜ್ಞೆ ಇತ್ತು, ಮರಳಿ ಬರುವ ಆಜ್ಞೆ ಇರಲಿಲ್ಲ. ಇಷ್ಟು ಒಳ್ಳೆಯ ಮೋಡಿಗೆ ಹೋದವರು ವಾಪಸ್ ಯಾಕೆ ಬರುತ್ತಾರೆ ಎಂದುಕೊಂಡರೇನೋ. ಆದರೆ ಲೋಕದ ತಂತ್ರಾಂಶವೆಲ್ಲ ಡಾಸ್‌ನಲ್ಲಿತ್ತು, ಡಾಸ್ ರಿಯಲ್ ಮೋಡಿನಲ್ಲಿತ್ತು. ಮರಳಲು ಉಳಿದ ದಾರಿ ಒಂದೇ, ಪ್ರೊಸೆಸರನ್ನು ರೀಸೆಟ್ ಮಾಡುವುದು. ಬ್ಯಾಟರಿಯಿಂದ ಜೀವ ಹಿಡಿದಿರುವ ಪುಟ್ಟ ಮೆಮೊರಿಯಲ್ಲಿ ‘ಇದು ನಿಜವಾದ ಆರಂಭವಲ್ಲ, ನಾನು ಬಿಟ್ಟ ಕೆಲಸಕ್ಕೆ ಕರೆದೊಯ್ಯಿ’ ಎಂದು ಗುರುತು ಬರೆದಿಟ್ಟು, ಮತ್ತದೇ ಕೀಬೋರ್ಡ್ ಚಿಪ್‌ಗೆ ‘ನನ್ನನ್ನು ರೀಸೆಟ್ ಮಾಡು’ ಎಂದು ಕೇಳಿಕೊಳ್ಳಬೇಕು. ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್ ಎಚ್ಚರಗೊಂಡು ಆ ಗುರುತು ನೋಡಿ ಬಿಟ್ಟ ಜಾಗಕ್ಕೆ ಜಿಗಿಯುತ್ತಿತ್ತು. ಕೀಬೋರ್ಡ್ ಚಿಪ್ ನಿಧಾನ. ಇದಕ್ಕಿಂತ ವೇಗದ ಉಪಾಯವೊಂದನ್ನು ಆಮೇಲೆ ಕಂಡುಕೊಂಡರು: ದೋಷ ನಿಭಾಯಿಸುವ ಪಟ್ಟಿಯನ್ನೇ ಬೇಕೆಂದು ಖಾಲಿ ಮಾಡಿ ಒಂದು ದೋಷ ಹುಟ್ಟಿಸುವುದು. ಅದನ್ನು ನಿಭಾಯಿಸಲು ಹೋಗಿ ಎರಡನೆಯದು, ಅದನ್ನು ನಿಭಾಯಿಸಲು ಹೋಗಿ ಮೂರನೆಯದು. ಅಷ್ಟಕ್ಕೆ ಪ್ರೊಸೆಸರ್ ಕೈಚೆಲ್ಲಿ ಯಂತ್ರ ರೀಸೆಟ್ ಆಗುತ್ತದೆ. 1987ರ ಓಎಸ್/2 ತನ್ನೊಳಗಿನ ಏಕೈಕ ಡಾಸ್ ಕಿಟಕಿಗಾಗಿ ಈ ತಂತ್ರವನ್ನು ಬಳಸಿತು. ಆ ಕಿಟಕಿಯೊಳಗಿನ ಪ್ರೋಗ್ರಾಂ ದಾರಿ ತಪ್ಪಿದರೆ ಇಡೀ ಯಂತ್ರವನ್ನೇ ಎಳೆದುಕೊಂಡು ಬೀಳುತ್ತಿತ್ತು, ಏಕೆಂದರೆ ರಿಯಲ್ ಮೋಡಿನಲ್ಲಿ ಕಾವಲುಗಾರನೇ ಇಲ್ಲ.

ಒಂದೇ ಒರೆಯಲ್ಲಿ ಎರಡು ಕತ್ತಿ

1985ರ 80386 ಮರಳುವ ದಾರಿ ತೆರೆಯಿತು, 32 ಬಿಟ್ ತಂದಿತು, ಅದಕ್ಕಿಂತ ಜಾಣತನದ ಇನ್ನೊಂದನ್ನೂ ತಂದಿತು: ವರ್ಚುವಲ್ 8086 ಮೋಡ್. ಪ್ರೊಟೆಕ್ಟೆಡ್ ಮೋಡಿನ ಕಾವಲಿನೊಳಗೇ ಡಾಸ್ ಪ್ರೋಗ್ರಾಂಗೆ ಒಂದು ಗೊಂಬೆ 8086 ಕಟ್ಟಿಕೊಡುವುದು. ಒಳಗಿರುವ ಪ್ರೋಗ್ರಾಂ ಇಡೀ ಯಂತ್ರ ತನ್ನದೆಂದುಕೊಂಡಿರುತ್ತದೆ. ಅದು ಹದ್ದು ಮೀರುವ ಆಜ್ಞೆ ಕೊಟ್ಟ ಕೂಡಲೇ ಪ್ರೊಸೆಸರ್ ಅದನ್ನು ತಡೆದು ಮೇಲ್ವಿಚಾರಕನ ಕೈಗೆ ಒಪ್ಪಿಸುತ್ತದೆ. ವಿಂಡೋಸ್‌ನಲ್ಲಿ ಹಲವು ಡಾಸ್ ಕಿಟಕಿಗಳನ್ನು ಒಟ್ಟಿಗೆ ತೆರೆಯಲು ಸಾಧ್ಯವಾದದ್ದು ಇದರಿಂದ.

ಹೊಸ ಜಗಳವೂ ಇಲ್ಲಿಂದಲೇ ಹುಟ್ಟಿತು. ಡಾಸ್ ಬಳಕೆದಾರರು ಮೆಮೊರಿ ಉಳಿಸಲು ಇಎಂಎಂ386 ಎಂಬ ನಿರ್ವಾಹಕವನ್ನು ಹಾಕಿಕೊಳ್ಳುತ್ತಿದ್ದರು. ಅದು ಬಂದು ಕೂತ ಕ್ಷಣ ಡಾಸ್ ರಿಯಲ್ ಮೋಡಿನಲ್ಲಿ ಉಳಿಯುತ್ತಿರಲಿಲ್ಲ. ಯಾರಿಗೂ ತಿಳಿಯದಂತೆ ವರ್ಚುವಲ್ 8086 ಮೋಡಿಗೆ ಹೋಗಿರುತ್ತಿತ್ತು. ಅಷ್ಟರಲ್ಲಿ ದೊಡ್ಡ ಆಟಗಳೂ ಲೆಕ್ಕಪತ್ರದ ತಂತ್ರಾಂಶಗಳೂ ತಾವೇ ಪ್ರೊಟೆಕ್ಟೆಡ್ ಮೋಡಿಗೆ ಹೋಗಲು ಕಲಿತಿದ್ದವು. ಸಿಂಹಾಸನದ ಮೇಲೆ ಈಗಾಗಲೇ ಒಬ್ಬರು ಕೂತಿದ್ದಾರೆ, ಎರಡನೆಯವರೂ ಬಂದು ‘ನಾನು ರಾಜ’ ಎನ್ನುತ್ತಾರೆ. ಕೆಲವು ಪ್ರೋಗ್ರಾಂಗಳು ‘ಪ್ರೊಸೆಸರ್ ಈಗಾಗಲೇ ಪ್ರೊಟೆಕ್ಟೆಡ್ ಮೋಡಿನಲ್ಲಿದೆ’ ಎಂದು ತಿಳಿಸಿ ಮರ್ಯಾದೆಯಿಂದ ಹಿಂದೆ ಸರಿಯುತ್ತಿದ್ದವು. ಉಳಿದವು ಯಂತ್ರವನ್ನೇ ಸ್ತಬ್ಧಗೊಳಿಸುತ್ತಿದ್ದವು. ಅಧಿಕಾರ ಹಸ್ತಾಂತರಕ್ಕೆ ಮೊದಲು ವಿಸಿಪಿಐ, ಆಮೇಲೆ ಡಿಪಿಎಂಐ ಎಂಬ ಒಪ್ಪಂದಗಳು ಬಂದವು. ಎರಡನೆಯದು ಹೆಚ್ಚು ಶಿಸ್ತಿನದು. ಬಂದವರು ರಾಜನಾಗುವುದಿಲ್ಲ, ರಾಜನನ್ನು ಕೇಳಿ ಕೆಲಸ ಮಾಡಿಸಿಕೊಳ್ಳುತ್ತಾರೆ.

ಒಪ್ಪಂದಕ್ಕೇ ಬರದ ಒಂದು ತುಂಟ ಗುಂಪೂ ಇತ್ತು. 386 ಪ್ರೊಟೆಕ್ಟೆಡ್ ಮೋಡಿನಲ್ಲಿ ಪಟ್ಟಿಯಿಂದ ಓದಿಕೊಂಡ ಜಾಗದ ಮಿತಿಯನ್ನು ತನ್ನೊಳಗೆ ನೆನಪಿಟ್ಟುಕೊಳ್ಳುತ್ತದೆ. ರಿಯಲ್ ಮೋಡಿಗೆ ಮರಳಿದರೂ ಆ ನೆನಪು ಅಳಿಯುವುದಿಲ್ಲ. ಒಂದು ಕ್ಷಣ ಅತ್ತ ಹೋಗಿ 4 ಗಿಗಾಬೈಟಿನ ಮಿತಿ ತುಂಬಿಸಿಕೊಂಡು ಇತ್ತ ಬಂದರೆ, ರಿಯಲ್ ಮೋಡಿನಲ್ಲಿದ್ದುಕೊಂಡೇ ಇಡೀ ಮೆಮೊರಿ ಕೈಗೆ ಸಿಗುತ್ತದೆ. ಇದಕ್ಕೆ ‘ಅನ್‌ರಿಯಲ್ ಮೋಡ್’ ಎಂಬ ಅಡ್ಡಹೆಸರು ಬಿತ್ತು. 1992ರ ‘ಅಲ್ಟಿಮಾ 7’ ಆಟ ಈ ತಂತ್ರ ಬಳಸಿದ್ದರಿಂದ ಇಎಂಎಂ386 ಇರುವ ಯಂತ್ರದಲ್ಲಿ ನಡೆಯುತ್ತಲೇ ಇರಲಿಲ್ಲ. ಆಡಬೇಕಾದವರು ಆ ಆಟಕ್ಕೆಂದೇ ಬೇರೆ ಬೂಟ್ ಫ್ಲಾಪಿ ಮಾಡಿಟ್ಟುಕೊಳ್ಳುತ್ತಿದ್ದರು.

64 ಬಿಟ್ ಬಂದಮೇಲೆ ಮುಚ್ಚಿದ ಬಾಗಿಲು

2003ರಲ್ಲಿ ಎಎಂಡಿ ತನ್ನ ಆಪ್ಟರಾನ್ ಮತ್ತು ಅಥ್ಲಾನ್ 64ರ ಮೂಲಕ 64 ಬಿಟ್ ಕ್ರಮವನ್ನು ತಂದಿತು. ಇಂಟೆಲ್ ಅದನ್ನೇ ಅನುಸರಿಸಿತು. ಇದರ ಹೆಸರು ಲಾಂಗ್ ಮೋಡ್. ಅದರೊಳಗೆ ಎರಡು ಕೋಣೆ: ಒಂದು ಶುದ್ಧ 64 ಬಿಟ್, ಇನ್ನೊಂದು ಹಳೆಯ ಪ್ರೊಟೆಕ್ಟೆಡ್ ಮೋಡ್ ಪ್ರೋಗ್ರಾಂಗಳಿಗಾಗಿ ಕಂಪ್ಯಾಟಿಬಿಲಿಟಿ ಮೋಡ್. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂಗಳು ಸಲೀಸಾಗಿ ನಡೆಯುವುದು ಈ ಎರಡನೆಯ ಕೋಣೆಯಲ್ಲಿ. ವರ್ಚುವಲ್ 8086 ಮೋಡಿಗೆ ಮಾತ್ರ ಲಾಂಗ್ ಮೋಡಿನೊಳಗೆ ಜಾಗ ಕೊಡಲಿಲ್ಲ. ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಮನ್ನು ಕ್ಲಿಕ್ಕಿಸಿದರೆ ‘ಇದು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ’ ಎಂಬ ಉತ್ತರ.

ಇಲ್ಲಿ ಜನ ಸಾಮಾನ್ಯವಾಗಿ ಒಂದು ತಪ್ಪು ತಿಳಿಯುತ್ತಾರೆ: 16 ಬಿಟ್ ನಡೆಯದಿರುವುದೆಲ್ಲ ಪ್ರೊಸೆಸರ್ ದೋಷವೆಂದು. ಡಾಸ್ ಪ್ರೋಗ್ರಾಂಗಳ ಮಟ್ಟಿಗೆ ಅದು ಸರಿ. ವಿಂಡೋಸ್ 3.1 ಕಾಲದ ಪ್ರೋಗ್ರಾಂಗಳ ಮಟ್ಟಿಗೆ ಅಲ್ಲ. ಅವು 16 ಬಿಟ್ ಆದರೂ ಪ್ರೊಟೆಕ್ಟೆಡ್ ಮೋಡಿನವು, ಕಂಪ್ಯಾಟಿಬಿಲಿಟಿ ಮೋಡ್ ಅವುಗಳನ್ನು ನಡೆಸಬಲ್ಲದು. 64 ಬಿಟ್ ಲಿನಕ್ಸ್‌ನಲ್ಲಿ ವೈನ್ ಎಂಬ ತಂತ್ರಾಂಶ ಅವುಗಳನ್ನು ನಡೆಸಿ ತೋರಿಸುತ್ತದೆ. ಬಾಗಿಲು ಮುಚ್ಚಿದ್ದು ಮೈಕ್ರೋಸಾಫ್ಟ್. ಅದು ಕೊಟ್ಟ ಮುಖ್ಯ ಕಾರಣವೂ ಸುಳ್ಳಲ್ಲ: ಕಿಟಕಿ, ಕಡತ ಮುಂತಾದವನ್ನು ಗುರುತಿಸಲು ವಿಂಡೋಸ್ ಕೊಡುವ ‘ಹ್ಯಾಂಡಲ್’ ಸಂಖ್ಯೆಗಳು 64 ಬಿಟ್ ಆವೃತ್ತಿಯಲ್ಲಿ 32 ಬಿಟ್‌ನಷ್ಟು ಅಗಲ. ಅವನ್ನು 16 ಬಿಟ್ ಪ್ರೋಗ್ರಾಮಿನ ಕೈಗೆ ಕೊಡಬೇಕಾದರೆ ಅರ್ಧ ಕತ್ತರಿಸಬೇಕು. ಕತ್ತರಿಸಿದರೆ ಗುರುತು ಕೆಡುತ್ತದೆ. ಸರಿಪಡಿಸಲಾಗದ ತೊಡಕೇನೂ ಅಲ್ಲ. ಆದರೆ ಅದಕ್ಕಾಗಿ ಒಂದು ಅನುವಾದದ ಪದರವನ್ನೇ ಕಟ್ಟಿ ಸಾಕಬೇಕಿತ್ತು.

ಇದರಿಂದ ಹುಟ್ಟಿದ ಒಂದು ವಿಚಿತ್ರ ಪರಿಸ್ಥಿತಿ 1990ರ ದಶಕದ ಸಿಡಿಗಳನ್ನು ಇಟ್ಟುಕೊಂಡವರಿಗೆಲ್ಲ ಎದುರಾಗುತ್ತದೆ. ನಿಘಂಟೋ ಆಟವೋ, ಒಳಗಿನ ಪ್ರೋಗ್ರಾಂ 32 ಬಿಟ್‌ನದೇ, ಇಂದೂ ನಡೆಯಬಲ್ಲದು. ಆದರೆ ಅದನ್ನು ಸ್ಥಾಪಿಸುವ ಇನ್‌ಸ್ಟಾಲರ್ 16 ಬಿಟ್, ಏಕೆಂದರೆ ಬಳಕೆದಾರ ವಿಂಡೋಸ್ 3.1ರಲ್ಲಿ ಸಿಡಿ ಹಾಕಿದರೂ ‘ನಿಮಗೆ ವಿಂಡೋಸ್ 95 ಬೇಕು’ ಎಂದು ಹೇಳಲಾದರೂ ಅದು ನಡೆಯಬೇಕಿತ್ತು. ಮನೆ ಗಟ್ಟಿಯಾಗಿದೆ, ಬೀಗದ ಕೈ ಮುರಿದಿದೆ. ಹೆಸರಾಂತ ಕೆಲವು ಇನ್‌ಸ್ಟಾಲರುಗಳನ್ನು 64 ಬಿಟ್ ವಿಂಡೋಸ್ ಗುರುತಿಸಿ ಗುಟ್ಟಾಗಿ 32 ಬಿಟ್ ಪ್ರತಿಯನ್ನು ಮುಂದೆ ನಿಲ್ಲಿಸುತ್ತದೆ. ಉಳಿದವುಗಳಿಗೆ ಆ ಭಾಗ್ಯವಿಲ್ಲ. ಸಿಡಿಯಲ್ಲಿ ಕಡತಗಳು ಅಡಕವಾಗದೆ ಇದ್ದರೆ ಫೋಲ್ಡರನ್ನು ಹಾಗೇ ನಕಲು ಮಾಡಿ ನೋಡುವುದು ನಾನು ಮೊದಲು ಮಾಡುವ ಪ್ರಯತ್ನ. ಅನಿರೀಕ್ಷಿತವಾಗಿ ಎಷ್ಟೋ ಸಲ ಕೆಲಸ ಮಾಡುತ್ತದೆ.

ಹೊರಗಿನ ಸಾಧನಗಳನ್ನು ನಡೆಸುವ ಡ್ರೈವರುಗಳ ಕಥೆ ಬೇರೆ, ಅಲ್ಲಿ ನುಸುಳುವ ಸಂದಿಯೇ ಇಲ್ಲ. ಸ್ಕ್ಯಾನರ್, ಪ್ರಿಂಟರ್‌ಗಳ ಡ್ರೈವರಿನ ತಿರುಳು ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಲ್ಲಿ ಕೂತು ಕೆಲಸ ಮಾಡುವಂಥದ್ದಾದರೆ ಅದು 64 ಬಿಟ್‌ನದೇ ಆಗಿರಬೇಕು. ಕಂಪ್ಯಾಟಿಬಿಲಿಟಿ ಮೋಡ್ ಇರುವುದು ಹೊರಗಿನ ಪ್ರಾಂಗಣದಲ್ಲಿ ಮಾತ್ರ. ಯಂತ್ರ ಗಟ್ಟಿಮುಟ್ಟಾಗಿದ್ದೂ ಮೂಲೆ ಸೇರಿದ ಸ್ಕ್ಯಾನರುಗಳಿಗೆ ಲೆಕ್ಕವಿಲ್ಲ.

ಹಳೆಯ ಯಂತ್ರ, ಹೊಸ ಆಪರೇಟಿಂಗ್ ಸಿಸ್ಟಂ

ತಿರುಗಿಸಿ ನೋಡಿದರೂ ಅದೇ ಗೋಳು. ಹಳೆಯ ಲ್ಯಾಪ್‌ಟಾಪಿಗೆ ಹೊಸ ಲಿನಕ್ಸ್ ಹಾಕಲು ಹೊರಟವರು ‘ಪ್ರೊಸೆಸರ್ 64 ಬಿಟ್ ಹೌದೇ’ ಎಂದಷ್ಟೇ ನೋಡಿಕೊಂಡರೆ ಸಾಲದು. 2006ರ ಆಸುಪಾಸಿನ ಕೆಲವು ಮ್ಯಾಕ್‌ಗಳಲ್ಲಿ, ಆಮೇಲೆ ಬಂದ ಆಟಂ ಪ್ರೊಸೆಸರಿನ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಪ್ರೊಸೆಸರ್ 64 ಬಿಟ್, ಅದನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ 32 ಬಿಟ್. ಫರ್ಮ್‌ವೇರಿಗೆ 64 ಬಿಟ್‌ನ ಬೂಟ್ ಕಡತ ಓದಲು ಬರುವುದಿಲ್ಲ. ಹೀಗಾಗಿ ಸಾಮಾನ್ಯ ಪೆನ್‌ಡ್ರೈವ್ ಹಾಕಿದರೆ ಯಂತ್ರ ಅದನ್ನು ಕಂಡೂ ಕಾಣದಂತೆ ಕೂರುತ್ತದೆ. ಬೂಟ್ ಕಡತ 32 ಬಿಟ್‌ನದಾಗಿದ್ದು, ಅದು ಆಮೇಲೆ 64 ಬಿಟ್ ತಿರುಳನ್ನು ಎಬ್ಬಿಸುವ ಮಿಶ್ರ ವ್ಯವಸ್ಥೆಯೇ ಇಂಥಲ್ಲಿ ಗತಿ.

ಪೆಂಟಿಯಂ ಎಂ ಪ್ರಸಂಗ ಇನ್ನೂ ತಮಾಷೆಯದು. 4 ಗಿಗಾಬೈಟ್ ಆಚೆಯ ಮೆಮೊರಿ ಮುಟ್ಟಲು ನೆರವಾಗುವ ಪಿಎಇ ಎಂಬ ಸೌಲಭ್ಯ ಅದರ ಕೆಲವು ಆರಂಭಿಕ ಮಾದರಿಗಳಲ್ಲಿ ಇದ್ದೂ, ಕೇಳಿದಾಗ ‘ಇಲ್ಲ’ ಎನ್ನುತ್ತವೆ. ಪಿಎಇ ಕಡ್ಡಾಯ ಮಾಡಿದ ಲಿನಕ್ಸ್‌ಗಳು ಆ ಮಾತು ನಂಬಿ ಸ್ಥಾಪನೆ ನಿರಾಕರಿಸಿದವು. ಕೊನೆಗೆ ‘ಫೋರ್ಸ್‌ಪಿಎಇ’ ಎಂಬ ಆಯ್ಕೆಯನ್ನೇ ಲಿನಕ್ಸ್‌ನ ತಿರುಳಾದ ಕರ್ನಲಿಗೆ ಸೇರಿಸಬೇಕಾಯಿತು. ಪ್ರೊಸೆಸರ್ ಏನೇ ಹೇಳಲಿ, ನೀನು ಮುಂದುವರಿ ಎಂದು.

ಗೊಂಬೆ ಯಂತ್ರದೊಳಗೆ

ಬಾಗಿಲು ಮುಚ್ಚಿದಲ್ಲಿ ಎರಡು ಹಿತ್ತಿಲ ದಾರಿಗಳಿವೆ. ಒಂದು, ವರ್ಚುವಲ್ ಯಂತ್ರ: ಪ್ರೊಸೆಸರಿನ ನೆರವಿನಿಂದಲೇ ಒಳಗೊಂದು ಪೂರ್ತಿ ಕಂಪ್ಯೂಟರ್ ಕಟ್ಟಿ, ಅದಕ್ಕೆ ಅದರದೇ ಮೋಡ್ ಕೊಡುವುದು. ಹೊರಗೆ 64 ಬಿಟ್, ಒಳಗೆ ರಿಯಲ್ ಮೋಡ್. ಕೇಳಲು ಸರಳ, ಆದರೆ 2005ರಲ್ಲಿ ಇಂಟೆಲ್ ಮೊದಲು ಕೊಟ್ಟ ವಿಟಿ-ಎಕ್ಸ್ ಸೌಲಭ್ಯದಲ್ಲಿ ಒಳಗಿನ ಯಂತ್ರ ರಿಯಲ್ ಮೋಡಿನಲ್ಲಿರುವುದೇ ನಿಷಿದ್ಧವಾಗಿತ್ತು. ಯಾವ ಪಿಸಿಯೂ ಎಚ್ಚರಗೊಳ್ಳುವುದು ರಿಯಲ್ ಮೋಡಿನಲ್ಲೇ. ಹಾಗಾಗಿ ವರ್ಚುವಲ್ ಯಂತ್ರ ಕಟ್ಟುವವರು ಬೂಟ್ ಹಂತವನ್ನು ತಂತ್ರಾಂಶದಲ್ಲಿ ನಟಿಸಿ ತೋರಿಸಬೇಕಾಯಿತು. 2010ರ ವೆಸ್ಟ್‌ಮಿಯರ್ ಪೀಳಿಗೆಯಲ್ಲಿ ಆ ನಿಷೇಧ ತೆರವಾಯಿತು. ಮರೆಯಲ್ಲಿ ಉಳಿದ ಹಳೆಯ ಮೋಡ್‌ಗಳು ಯಾರೂ ಪರೀಕ್ಷಿಸದೆ ಕೆಡುವುದೂ ಉಂಟು: 2017ರಲ್ಲಿ ಎಎಂಡಿಯ ಮೊದಲ ರೈಜನ್‌ಗಳಲ್ಲಿ ವರ್ಚುವಲ್ 8086 ಮೋಡಿನ ಒಂದು ಉಪಸೌಲಭ್ಯ ಮುರಿದುಹೋಗಿರುವುದು ಗೊತ್ತಾದದ್ದು, ಅದರ ಮೇಲೆ ವರ್ಚುವಲ್ ಯಂತ್ರ ಕಟ್ಟಿ ಹಳೆಯ ವಿಂಡೋಸ್ ಹಾಕಿದವರಿಂದ. ಆಮೇಲೆ ಫರ್ಮ್‌ವೇರ್ ಮೂಲಕ ಸರಿಪಡಿಸಿದರು.

ಎರಡನೆಯದು ಎಮ್ಯುಲೇಟರ್. ಡಾಸ್‌ಬಾಕ್ಸ್‌ನಂಥವು ಪ್ರೊಸೆಸರಿನ ಮೋಡ್‌ಗಳ ಹಂಗಿಗೇ ಹೋಗುವುದಿಲ್ಲ. 184, 1, 0, 64, 144 ಎಂಬುದನ್ನು ತಾವೇ ಒಂದೊಂದಾಗಿ ಓದಿ, 16 ಬಿಟ್ ಕ್ರಮದಲ್ಲಿ ಏನಾಗಬೇಕೋ ಅದನ್ನು ತಂತ್ರಾಂಶದಲ್ಲೇ ಮಾಡಿ ತೋರಿಸುತ್ತವೆ. ನಿಧಾನ, ಆದರೆ ಡಾಸ್ ಕಾಲದ ಪ್ರೋಗ್ರಾಂಗಳಿಗೆ ಇಂದಿನ ನಿಧಾನವೇ ಅಂದಿನ ಮಿಂಚು. ಕೇವಲ ಒಂದು ಡಾಸ್ ಪ್ರೋಗ್ರಾಂ ನಡೆಯಬೇಕಾದರೆ ನನ್ನ ಆಯ್ಕೆ ಯಾವಾಗಲೂ ಇದೇ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಳೆಯ ಪ್ರೋಗ್ರಾಂ ಬಿದ್ದಾಗಲೆಲ್ಲ ಮೋಡನ್ನೇ ದೂರುವಂತಿಲ್ಲ, ಕೆಲವು ಸಲ ತಪ್ಪು ವೇಗದ್ದು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಅನೇಕ ಪ್ರೋಗ್ರಾಂಗಳು ಆರಂಭದಲ್ಲಿ, ಗಡಿಯಾರದ ಒಂದು ಮಿಡಿತದಲ್ಲಿ, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ, ಎಷ್ಟು ಸುತ್ತು ಎಣಿಸಬಹುದೆಂದು ನೋಡಿ ಅದನ್ನು 55ರಿಂದ ಭಾಗಿಸುತ್ತಿದ್ದವು. ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರಗಳಲ್ಲಿ ಭಾಗಲಬ್ಧ 16 ಬಿಟ್‌ನಲ್ಲಿ ಹಿಡಿಸದೆ ‘ರನ್‌ಟೈಂ ಎರರ್ 200’ ಬಂದು ಪ್ರೋಗ್ರಾಂ ಸಾಯುತ್ತಿತ್ತು. ದೋಷದ ಸಂಖ್ಯೆಯೂ 200 ಆದದ್ದು ಕಾಕತಾಳೀಯ. ಎಮ್ಯುಲೇಟರಿನಲ್ಲಿ ವೇಗವನ್ನು ತಗ್ಗಿಸಬಹುದು, ಈ ರೋಗಕ್ಕೂ ಅಲ್ಲೇ ಮದ್ದು.

2023ರ ಮೇ ತಿಂಗಳಲ್ಲಿ ಇಂಟೆಲ್ ‘ಎಕ್ಸ್86ಎಸ್’ ಎಂಬ ಪ್ರಸ್ತಾವ ಮುಂದಿಟ್ಟಿತು: ರಿಯಲ್ ಮೋಡ್, ವರ್ಚುವಲ್ 8086 ಮೋಡ್ ಎಲ್ಲ ತೆಗೆದುಹಾಕಿ, ಪ್ರೊಸೆಸರ್ ನೇರವಾಗಿ 64 ಬಿಟ್‌ನಲ್ಲೇ ಕಣ್ಣು ಬಿಡುವಂತೆ ಮಾಡೋಣ ಎಂದು. ಒಂದೂವರೆ ವರ್ಷದ ಬಳಿಕ, 2024ರ ಡಿಸೆಂಬರಿನಲ್ಲಿ, ಆ ಯೋಜನೆಯನ್ನು ಕೈಬಿಟ್ಟಿರುವುದಾಗಿ ತಿಳಿಸಿತು. ಆದ್ದರಿಂದ ಇಂದು ಪೆಟ್ಟಿಗೆಯಿಂದ ಹೊರತೆಗೆದ ಪಿಸಿಯ ಇಂಟೆಲ್ ವಂಶದ ಪ್ರೊಸೆಸರ್ ಕೂಡ ಗುಂಡಿ ಒತ್ತಿದ ಕ್ಷಣ ರಿಯಲ್ ಮೋಡಿನಲ್ಲೇ ಕಣ್ಣು ಬಿಟ್ಟು, ಕೆಲವೇ ಆಜ್ಞೆಗಳಲ್ಲಿ ಅಲ್ಲಿಂದ ಹೊರಬೀಳುತ್ತದೆ.

ಅಂಥ ಯಂತ್ರದಲ್ಲಿ ಡಾಸ್‌ಬಾಕ್ಸ್ ಹಾಕಿ, ಎಕ್ಸ್‌ಪ್ಯಾಕ್ ಕಾಲದ ಹಳೆಯ ಪ್ರೋಗ್ರಾಂ ಒಂದನ್ನು ನಡೆಸಿ ನೋಡಿ. ಅಲ್ಲಿಯೂ ಮೆಮೊರಿ ಕೆಳಗಿನಿಂದ ಖಾಲಿ ಇರುತ್ತದೆ. ಕಡತ ಕೆಟ್ಟಿದೆ ಎಂದು ಅದು ಹೇಳಿದರೆ ಫ್ಲಾಪಿಯನ್ನೋ ಡೌನ್‌ಲೋಡನ್ನೋ ಬೈಯುವ ಮೊದಲು, ಪ್ರೋಗ್ರಾಮಿನ ಹೆಸರಿಗೂ ಮೊದಲು ‘ಲೋಡ್‌ಫಿಕ್ಸ್’ ಎಂದು ಸೇರಿಸಿ ಮತ್ತೊಮ್ಮೆ ಎಂಟರ್ ಒತ್ತಿ. ಆ ಆಜ್ಞೆಯನ್ನೂ ಡಾಸ್‌ಬಾಕ್ಸ್ ಬರೆದವರು ಮರೆಯದೆ ಸೇರಿಸಿದ್ದಾರೆ.